ದಾಖಲಾಗದ ದೂರು ಮತ್ತು ನಮ್ಮ ಮೊಹಲ್ಲಾದ ಸುರಕ್ಷತೆ

(ಬೆಂಗಳೂರಿನ ಒಂದು ಮೊಹಲ್ಲಾದಲ್ಲಿ ನಡೆದ ನಿವಾಸಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಬಡಾವಣೆಯಲ್ಲಿ ಅಪರಾಧ ಹೆಚ್ಚುತ್ತಿದೆಯೇ ಎಂಬ ಪ್ರಶ್ನೆಯನ್ನು ಇಂದು ಈ ಸಭೆಯ ಮುಂದಿಡಲಾಗಿದೆ. ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಉತ್ತರಗಳಿವೆ. ಹೊರಗಿನವರು ಕೇಳಿದರೆ, "ಅಂಥದ್ದೇನೂ ಇಲ್ಲ, ಇದೆಲ್ಲ ನಮ್ಮ ಪ್ರದೇಶದ ಹೆಸರು ಕೆಡಿಸುವ ಹುನ್ನಾರ" ಎನ್ನುತ್ತೇವೆ. ಆದರೆ ಟ್ಯೂಷನ್ ಮುಗಿಸಿ ಬರುವ ಮಗಳು ಹತ್ತು ನಿಮಿಷ ತಡ ಮಾಡಿದರೆ ಬಾಗಿಲಲ್ಲಿ ನಿಂತು ದಾರಿ ಕಾಯುತ್ತೇವೆ. ಮೊದಲನೆಯದು ಬಾಯಿಯ ಉತ್ತರ, ಎರಡನೆಯದು ಎದೆಯ ಉತ್ತರ. ಇಂದು ನಾವು ಎರಡನೆಯ ಉತ್ತರದ ಕುರಿತು ಮಾತನಾಡಬೇಕಾಗಿದೆ.

ನಮ್ಮ ಬೀದಿಯಲ್ಲಿಯೇ ನಡೆದ ಘಟನೆಯೊಂದರಿಂದ ಆರಂಭಿಸುತ್ತೇವೆ. ಇಲ್ಲಿ ಕುಳಿತಿರುವ ಅನೇಕರಿಗೆ ಅದು ಗೊತ್ತು. ಹೊಲಿಗೆ ಕೆಲಸ ಮುಗಿಸಿ ರಾತ್ರಿ ಮನೆಗೆ ಮರಳುತ್ತಿದ್ದ ಒಬ್ಬ ವಿಧವೆ ತಾಯಿಯ ಕೈಚೀಲವನ್ನು ಬೈಕಿನಲ್ಲಿ ಬಂದ ಇಬ್ಬರು ಹುಡುಗರು ಕಸಿದುಕೊಂಡರು. ಚೀಲದಲ್ಲಿ ಆ ತಿಂಗಳ ಸಂಬಳವಿತ್ತು. ಬೀದಿದೀಪ ಕೆಟ್ಟಿದ್ದರೂ ಆಕೆ ಅವರನ್ನು ಗುರುತಿಸಿದರು, ಏಕೆಂದರೆ ಅವರು ಇದೇ ಮೊಹಲ್ಲಾದವರು. ಮರುದಿನ ಬೆಳಿಗ್ಗೆ ಠಾಣೆಗೆ ಹೊರಟ ಆ ತಾಯಿಯನ್ನು ನಾಲ್ಕೈದು ಮಂದಿ ಹಿರಿಯರು ತಡೆದರು. "ನಮ್ಮ ಮಕ್ಕಳೇ ಅಲ್ಲವೇ ಅಮ್ಮಾ, ಠಾಣೆ ಮೆಟ್ಟಿಲು ಹತ್ತಿದರೆ ಅವರ ಬಾಳು ಹಾಳಾಗುತ್ತದೆ, ಮೊಹಲ್ಲಾದ ಮಾನವೂ ಹೋಗುತ್ತದೆ, ಹಣವನ್ನು ನಾವು ಕೂಡಿಸಿ ಕೊಡುತ್ತೇವೆ" ಎಂದರು. ಹಾಗೆ ಬುದ್ಧಿ ಹೇಳಿದವರಲ್ಲಿ ನಾವೂ ಇದ್ದೆವು. ಹಣ ಕೂಡಿಸಿ ಕೊಟ್ಟೆವು. ಸಮಸ್ಯೆ ಬಗೆಹರಿಯಿತೆಂದು ನೆಮ್ಮದಿಯ ಉಸಿರುಬಿಟ್ಟೆವು.

ಎರಡು ತಿಂಗಳು ಕಳೆಯಿತು. ಅದೇ ಇಬ್ಬರು ಬೇರೊಂದು ಬಡಾವಣೆಯಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ಯುವತಿಯೊಬ್ಬಳ ಸರಕ್ಕೆ ಕೈ ಹಾಕಿದರು. ಆಕೆ ರಸ್ತೆಗೆ ಬಿದ್ದು ಕಾಲು ಮುರಿದುಕೊಂಡಳು. ಆಕೆಯ ಮನೆಯವರು ದೂರು ಕೊಟ್ಟರು. ಬೈಕು ನಮ್ಮ ಕಡೆಗೆ ಬಂದುದಷ್ಟೇ ಪೊಲೀಸರಿಗೆ ಸಿಕ್ಕಿದ ಸುಳಿವು. ಅಂದು ಮಧ್ಯರಾತ್ರಿ ಅವರು ನಮ್ಮ ಬೀದಿಗೆ ಬಂದು ಹನ್ನೊಂದು ಮಂದಿ ಹುಡುಗರನ್ನು ಎತ್ತಿಕೊಂಡು ಹೋದರು. ಅವರಲ್ಲಿ ಒಂಬತ್ತು ಮಂದಿಗೆ ಈ ಕೃತ್ಯದ ಗಂಧಗಾಳಿಯೂ ಇರಲಿಲ್ಲ. ಒಬ್ಬನಿಗೆ ಮರುದಿನ ಡಿಪ್ಲೊಮಾ ಪರೀಕ್ಷೆಯಿತ್ತು. ಅವನು ಪರೀಕ್ಷೆ ಬರೆಯಲಿಲ್ಲ. ಇಬ್ಬರಿಗೆ ಹದಿನೆಂಟು ವರ್ಷವೂ ತುಂಬಿರಲಿಲ್ಲ.

ಪೊಲೀಸರು ಮಾಡಿದ್ದು ತಪ್ಪು. ಇದರಲ್ಲಿ ನಮಗೆ ಎಳ್ಳಷ್ಟೂ ಸಂದೇಹವಿಲ್ಲ. ಸುಳಿವಿಲ್ಲದೆ ಒಂದು ಬೀದಿಯ ಹುಡುಗರನ್ನೆಲ್ಲ ಬಾಚಿಕೊಂಡು ಹೋಗುವುದು ತನಿಖೆಯಲ್ಲ. ಆದರೆ ನಮ್ಮ ತಪ್ಪನ್ನೂ ನಾವು ಒಪ್ಪಿಕೊಳ್ಳಬೇಡವೇ? ಎರಡು ಹೆಸರುಗಳನ್ನು ನಾವು ಮುಚ್ಚಿಟ್ಟದ್ದರಿಂದ ಹನ್ನೊಂದು ಹೆಸರುಗಳು ಠಾಣೆಯ ಪುಸ್ತಕ ಸೇರಿದವು. ಒಂದು ಮೊಹಲ್ಲಾ ತನ್ನ ಅಪರಾಧಿಗಳನ್ನು ಹೆಸರಿಸಲು ನಿರಾಕರಿಸಿದಾಗ, ಇಡೀ ಮೊಹಲ್ಲಾವನ್ನೇ ಅಪರಾಧಿಯೆಂದು ಕರೆಯುವುದು ಇತರರಿಗೆ ಸುಲಭವಾಗುತ್ತದೆ.

ಇನ್ನು ಅಂಕಿಅಂಶಗಳ ವಿಷಯಕ್ಕೆ ಬರೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ವರದಿಗಳನ್ನು ಹಿಡಿದುಕೊಂಡು, ಯಾವ ನಗರ ಸುರಕ್ಷಿತ, ಯಾವುದು ಅಪಾಯಕಾರಿ ಎಂದು ಪತ್ರಿಕೆಗಳು ಪಟ್ಟಿ ಮಾಡುತ್ತವೆ. ಅಪರಾಧ ದರವೆಂದರೆ ಒಂದು ಲಕ್ಷ ಜನಸಂಖ್ಯೆಗೆ ಎಷ್ಟು ಪ್ರಕರಣಗಳು ದಾಖಲಾಗಿವೆ ಎಂಬ ಲೆಕ್ಕ. ಇಲ್ಲಿ "ದಾಖಲಾದ" ಎಂಬ ಪದವನ್ನು ಗಮನಿಸಬೇಕು. ಆ ತಾಯಿಯ ಕೈಚೀಲ ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತ್ಯಂತ ಗಂಭೀರವಾದ ಒಂದನ್ನು ಮಾತ್ರ ಎಣಿಸಲಾಗುತ್ತದೆ. 2022ರ ವರದಿಯಲ್ಲಿ ಮಹಾನಗರಗಳ ದರವನ್ನು 2011ರ ಜನಗಣತಿಯ ಆಧಾರದಲ್ಲಿಯೇ ಲೆಕ್ಕ ಹಾಕಲಾಗಿತ್ತು. ಅಂದರೆ ಬೆಂಗಳೂರಿನ ಜನಸಂಖ್ಯೆ ಸುಮಾರು 85 ಲಕ್ಷವೆಂದೇ ಹಿಡಿಯಲಾಗಿತ್ತು. ಆ ನಂತರ ಈ ನಗರ ಎಷ್ಟು ಬೆಳೆದಿದೆಯೆಂಬುದನ್ನು ಬಾಡಿಗೆ ಮನೆ ಹುಡುಕಿದ ಯಾರನ್ನಾದರೂ ಕೇಳಿ ತಿಳಿಯಬಹುದು.

ಆದ್ದರಿಂದ ದರ ಹೆಚ್ಚಾದ ಮಾತ್ರಕ್ಕೆ ಅಪರಾಧ ಹೆಚ್ಚಿತೆಂದು ಹೇಳಲಾಗದು. ದಾಖಲಾದ ಪ್ರಕರಣಗಳ ಏರಿಕೆಯನ್ನು ಅಪರಾಧದ ಏರಿಕೆಯೆಂದೇ ಭಾವಿಸಬಾರದೆಂದು ಸ್ವತಃ ಬ್ಯೂರೋ ಎಚ್ಚರಿಸುತ್ತದೆ. ನಮ್ಮ ನೆರೆಯ ಕೇರಳವನ್ನೇ ನೋಡಿ. 2022ರ ವರದಿಯಲ್ಲಿ ಭಾರತೀಯ ದಂಡ ಸಂಹಿತೆಯಡಿಯ ಅಪರಾಧ ದರ ಆ ರಾಜ್ಯದಲ್ಲಿ ಲಕ್ಷಕ್ಕೆ 600ಕ್ಕಿಂತಲೂ ಹೆಚ್ಚಿತ್ತು. ಅದು ದೇಶದಲ್ಲಿಯೇ ಅತಿ ಹೆಚ್ಚಿನ ದರಗಳಲ್ಲೊಂದು. ಹಾಗಾದರೆ ಕೇರಳ ಅತ್ಯಂತ ಅಪಾಯಕಾರಿ ರಾಜ್ಯವೇ? ಕೊಲೆಯ ಲೆಕ್ಕವನ್ನು ನೋಡೋಣ, ಏಕೆಂದರೆ ಕೊಲೆಯನ್ನು ಮುಚ್ಚಿಡುವುದು ಕಷ್ಟ. ಅದೇ ವರ್ಷ ಇಡೀ ದೇಶದ ಕೊಲೆ ದರ ಲಕ್ಷಕ್ಕೆ 2.1 ಇದ್ದರೆ, ಕೇರಳದ್ದು 1ಕ್ಕಿಂತ ಕಡಿಮೆಯಿತ್ತು. ಅಲ್ಲಿನ ಜನರು ಹೆಚ್ಚು ದೂರು ಕೊಡುತ್ತಾರೆ, ಪೊಲೀಸರು ಹೆಚ್ಚು ದಾಖಲಿಸಿಕೊಳ್ಳುತ್ತಾರೆ. ಹಾಗಾಗಿ ದರ ಏರುತ್ತದೆ.

ನಮ್ಮ ನಗರದ ಸ್ಥಿತಿ ಹೇಗಿದೆ? ಐಡಿಎಫ್‌ಸಿ ಸಂಸ್ಥೆಯು ಬೆಂಗಳೂರು, ದೆಹಲಿ, ಮುಂಬಯಿ ಮತ್ತು ಚೆನ್ನೈ ನಗರಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹೋಗಿ ನಡೆಸಿದ ಸಮೀಕ್ಷೆ 2017ರಲ್ಲಿ ಪ್ರಕಟವಾಯಿತು. ಕಳವಿಗೊಳಗಾದ ನೂರು ಮಂದಿಯಲ್ಲಿ ಹತ್ತು ಮಂದಿಯೂ ಎಫ್‌ಐಆರ್‌ನವರೆಗೆ ತಲುಪಿರಲಿಲ್ಲವೆಂಬುದು ಆ ಸಮೀಕ್ಷೆಯಿಂದ ತಿಳಿದುಬಂತು. ದೂರು ಕೊಡದಿರುವುದು ನಮ್ಮ ಸಮುದಾಯದವರ ರೋಗ ಮಾತ್ರವಲ್ಲ, ಅದು ನಗರದ ರೋಗ. ಆದರೆ ನಮ್ಮ ಮೊಹಲ್ಲಾಗಳಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಅದು ಭಯ.

ಈ ಭಯ ಆಧಾರರಹಿತವೆಂದು ನಾವು ಹೇಳುವುದಿಲ್ಲ. 2006ರ ನವೆಂಬರಿನಲ್ಲಿ ಸಂಸತ್ತಿನ ಮುಂದಿಡಲಾದ ಸಾಚಾರ್ ಸಮಿತಿಯ ವರದಿ, ಮುಸ್ಲಿಮರು ಪೊಲೀಸರನ್ನು ಕಂಡು ಅಳುಕುವುದನ್ನೂ, ಸುರಕ್ಷತೆಯ ಚಿಂತೆಯಿಂದ ಒಂದೇ ಕಡೆ ಒತ್ತೊತ್ತಾಗಿ ವಾಸಿಸುವುದನ್ನೂ, ಅಂಥ ಪ್ರದೇಶಗಳಿಗೆ ನೀರು, ರಸ್ತೆ, ಶಾಲೆ, ಬ್ಯಾಂಕು ಸರಿಯಾಗಿ ತಲುಪದಿರುವುದನ್ನೂ ದಾಖಲಿಸಿತು. ದೇಶದ ಸೆರೆಮನೆಗಳಲ್ಲಿ 2022ರ ಕೊನೆಗೆ ಇದ್ದ 5.73 ಲಕ್ಷ ಬಂದಿಗಳಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ಅವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. 2011ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 14.2. ವಿಚಾರಣಾಧೀನರಲ್ಲಿ ಅವರ ಪಾಲು ಅದಕ್ಕಿಂತ ಹೆಚ್ಚು. ಇದನ್ನೆಲ್ಲ ಬಲ್ಲ ತಂದೆತಾಯಿಯರು ಠಾಣೆಯ ಹೆಸರು ಕೇಳಿದೊಡನೆ ನಡುಗಿದರೆ ಅವರನ್ನು ದೂಷಿಸಲಾಗದು.

ಆದರೆ ಈ ಭಯದ ಲಾಭ ಯಾರಿಗೆ ಸಿಗುತ್ತಿದೆ? ಪರೀಕ್ಷೆಗೆ ಓದುವ ಹುಡುಗನಿಗೆ ಸಿಗುತ್ತಿಲ್ಲ, ರಾತ್ರಿ ಕೆಲಸದಿಂದ ಮರಳುವ ತಾಯಿಗೂ ಇಲ್ಲ. ಶಾಲೆಯ ಹಿಂದಿನ ಓಣಿಯಲ್ಲಿ ಗಾಂಜಾ ಪೊಟ್ಟಣ ಮಾರುವವನಿಗೆ ಸಿಗುತ್ತಿದೆ, ಬಡ್ಡಿಗೆ ಹಣ ಕೊಟ್ಟು ಚಾಕು ತೋರಿಸಿ ವಸೂಲಿ ಮಾಡುವವನಿಗೆ ಸಿಗುತ್ತಿದೆ. ಈ ಮೊಹಲ್ಲಾದಲ್ಲಿ ಯಾರೂ ಠಾಣೆಗೆ ಹೋಗುವುದಿಲ್ಲವೆಂಬುದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಮರ್ಯಾದೆಯೆಂದು ನಾವು ಕರೆಯುವ ಮೌನವೇ ಅವನ ಬಂಡವಾಳ.

2020ರ ಆಗಸ್ಟ್ 11ರ ರಾತ್ರಿಯನ್ನು ನಾವು ಮರೆಯಬಾರದು. ಪ್ರವಾದಿಯವರನ್ನು ನಿಂದಿಸಿದ ಫೇಸ್‌ಬುಕ್ ಬರಹವೊಂದರ ವಿರುದ್ಧ ಕ್ರಮ ಕೈಗೊಳ್ಳಬೇಕೆಂದು ಒತ್ತಾಯಿಸಿ ಡಿ.ಜೆ. ಹಳ್ಳಿ ಮತ್ತು ಕೆ.ಜಿ. ಹಳ್ಳಿ ಠಾಣೆಗಳ ಮುಂದೆ ಜನ ಸೇರಿದರು. ಕಾನೂನಿನ ದಾರಿ ಅದೇ ಆಗಿತ್ತು. ಆದರೆ ಕೆಲವೇ ಗಂಟೆಗಳಲ್ಲಿ ಕಲ್ಲು ಮತ್ತು ಬೆಂಕಿ ಆ ದಾರಿಯನ್ನು ನುಂಗಿದವು. ಶಾಸಕರ ಮನೆ ಉರಿಯಿತು, ಠಾಣೆಯ ಮೇಲೆ ದಾಳಿಯಾಯಿತು, ವಾಹನಗಳು ಸುಟ್ಟುಹೋದವು. ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ನೂರಾರು ಮಂದಿ ಬಂಧಿತರಾದರು. ಅನೇಕರ ಮೇಲೆ ಯುಎಪಿಎ ಹೇರಲಾಯಿತು. ಅದೇ ರಾತ್ರಿ ಅದೇ ಪ್ರದೇಶದ ಕೆಲವು ಯುವಕರು ದೇವಸ್ಥಾನವೊಂದರ ಸುತ್ತ ಕೈಕೈ ಹಿಡಿದು ನಿಂತು ಅದನ್ನು ರಕ್ಷಿಸಿದರು. ಒಂದೇ ಬೀದಿಯಿಂದ ಈ ಎರಡೂ ಬಗೆಯ ಯುವಕರು ಹೊರಬಂದರು. ಬೆಂಕಿಯ ರಾತ್ರಿಗೆ ಮುನ್ನವೇ ತಡೆಯುವ ಕೈಗಳು ಸಂಘಟಿತವಾಗಿರಬೇಕೆಂಬುದೇ ಅಂದಿನ ಪಾಠ. ಕಾಗದದ ಮೇಲೆ ಬರೆದ ದೂರಿಗೆ ಇರುವ ಬಲ ಕಲ್ಲಿಗಿಲ್ಲ. ಕಲ್ಲೆಸೆದ ಕೈ ಕಾಣೆಯಾಗುತ್ತದೆ, ಅದರ ದಂಡವನ್ನು ತೆರುವವರು ಮನೆಯಲ್ಲಿ ಉಳಿದವರು.

ಹಾಗಾದರೆ ದೂರು ಕೊಡುವಾಗ ನಮ್ಮ ಕೈಯಲ್ಲಿ ಯಾವ ಬಲವಿದೆ? ಕಾನೂನು ತಿಳಿದರೆ ಭಯ ಅರ್ಧ ಕಡಿಮೆಯಾಗುತ್ತದೆ. ದೂರಿನಲ್ಲಿ ಗಂಭೀರ ಅಪರಾಧದ ಮಾಹಿತಿಯಿದ್ದರೆ ಎಫ್‌ಐಆರ್ ದಾಖಲಿಸುವುದು ಪೊಲೀಸರ ಕರ್ತವ್ಯವೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2013ರ ನವೆಂಬರ್ 12ರಂದು ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಕೃತ್ಯ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ವಿದ್ಯುನ್ಮಾನ ರೂಪದಲ್ಲಿ ಕಳುಹಿಸಿದ ದೂರಿಗೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ಠಾಣಾಧಿಕಾರಿ ನಿರಾಕರಿಸಿದರೆ ಮೇಲಧಿಕಾರಿಗೆ ಅಂಚೆಯಲ್ಲಿ ದೂರು ಕಳುಹಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. ಸಾಕ್ಷಿ ಹೇಳಬೇಕಾದ ಮಹಿಳೆಯನ್ನು ವಿಚಾರಣೆಗೆಂದು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಆಕೆಯ ಮನೆಯಲ್ಲಿಯೇ ವಿಚಾರಿಸಬೇಕು.

ಬಂಧನವಾದಾಗಲೂ ನಾವು ಅಸಹಾಯಕರಲ್ಲ. ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಹದಿನೆಂಟು ತುಂಬದವರನ್ನು ಠಾಣೆಯ ಲಾಕಪ್ಪಿನಲ್ಲಿ ಇಡುವಂತೆಯೇ ಇಲ್ಲವೆಂದು 2015ರ ಬಾಲನ್ಯಾಯ ಕಾಯ್ದೆ ಸ್ಪಷ್ಟಪಡಿಸಿದೆ. ಮಹಿಳೆಯರು, ಮಕ್ಕಳು ಮತ್ತು ಬಂಧನದಲ್ಲಿರುವವರಿಗೆ ಉಚಿತ ವಕೀಲರ ನೆರವು ಸಿಗುತ್ತದೆ. ಅದಕ್ಕಾಗಿ 15100ಕ್ಕೆ ಕರೆ ಮಾಡಬಹುದು. ಆ ರಾತ್ರಿ ನಮ್ಮಲ್ಲಿ ಒಬ್ಬರಿಗಾದರೂ ಇದು ತಿಳಿದಿದ್ದರೆ, ಆ ಇಬ್ಬರು ಬಾಲಕರು ಬೆಳಗಿನವರೆಗೆ ಅಲ್ಲಿ ಕುಳಿತಿರಬೇಕಾಗಿರಲಿಲ್ಲ. ನಾವು ಗೇಟಿನ ಹೊರಗೆ ನಿಂತು ಅತ್ತೆವೇ ಹೊರತು ಕಾನೂನಿನ ಒಂದು ಮಾತನ್ನೂ ಆಡಲಿಲ್ಲ.

ಎಲ್ಲ ಜಗಳಗಳನ್ನೂ ಠಾಣೆಗೆ ಕೊಂಡೊಯ್ಯಿರೆಂದು ನಾವು ಹೇಳುತ್ತಿಲ್ಲ. ನೀರಿನ ಸರದಿ, ಗೋಡೆಯ ಗಡಿ, ಅಣ್ಣತಮ್ಮಂದಿರ ಮುನಿಸು ಇವುಗಳನ್ನು ಹಿರಿಯರು ಕುಳಿತು ಬಗೆಹರಿಸಲಿ, ಅದು ಒಳ್ಳೆಯದೇ. ಆದರೆ ಕೆಲವು ವಿಷಯಗಳಲ್ಲಿ ರಾಜಿ ಮಾಡಿಸುವ ಅಧಿಕಾರ ಯಾವ ಹಿರಿಯರಿಗೂ ಇಲ್ಲ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಅಂಥದ್ದು. ಅದನ್ನು ತಿಳಿದೂ ಪೊಲೀಸರಿಗೆ ತಿಳಿಸದಿರುವುದೇ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಮಾನದ ಹೆಸರಿನಲ್ಲಿ ಅದನ್ನು ಮುಚ್ಚಿಹಾಕುವ ಮನೆ, ಮುಚ್ಚಿಡಲು ಹೇಳುವ ಹಿರಿಯ, ಇಬ್ಬರೂ ಆ ಮಗುವಿಗೆ ಎರಡನೆಯ ಬಾರಿ ಅನ್ಯಾಯ ಮಾಡಿದವರು. ಆಯುಧ ತೋರಿಸಿ ಸುಲಿಯುವುದು, ಹೆಂಗಸರ ಮೇಲೆ ಕೈಮಾಡುವುದು, ಮಾದಕ ವಸ್ತು ಮಾರುವುದು ಇವೂ ರಾಜಿಯ ವಿಷಯಗಳಲ್ಲ. ನ್ಯಾಯಕ್ಕಾಗಿ ಸಾಕ್ಷಿ ನಿಲ್ಲುವಾಗ ಅದು ತನಗೆ, ತನ್ನ ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ಹಿಂಜರಿಯಬಾರದೆಂಬ ಶಿಕ್ಷಣವನ್ನು ಪಡೆದ ಸಮುದಾಯ ನಮ್ಮದು. ಕೈಚೀಲ ಕಸಿದವನು ನಮ್ಮ ಪಕ್ಕದ ಮನೆಯವನೆಂಬ ಕಾರಣಕ್ಕೆ ಆ ಶಿಕ್ಷಣ ಬದಲಾಗುವುದೇ?

ಮಾದಕ ವಸ್ತುಗಳ ಕುರಿತು ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಆ ಇಬ್ಬರು ಹುಡುಗರು ಕೈಚೀಲ ಕಸಿದದ್ದು ಹಸಿವಿನಿಂದಲ್ಲ, ಚಟದಿಂದ. ಇಂದು ಎಂಡಿಎಂಎ ಎಂಬ ಹರಳುಪುಡಿ ಕಾಲೇಜು ಹುಡುಗರ ಜೇಬಿಗೂ ಬಂದಿದೆ. ಕಾನೂನಿನ ದೃಷ್ಟಿಯಲ್ಲಿ ಅದರ "ಅಲ್ಪ ಪ್ರಮಾಣ" ಅರ್ಧ ಗ್ರಾಂ ಮಾತ್ರ. ಹತ್ತು ಗ್ರಾಂ ಮೀರಿದರೆ ಅದು ವಾಣಿಜ್ಯ ಪ್ರಮಾಣ. ಅದಕ್ಕೆ ಕನಿಷ್ಠ ಶಿಕ್ಷೆ ಹತ್ತು ವರ್ಷ, ಜಾಮೀನೂ ಕಷ್ಟ. ಗೆಳೆಯನ ಮಾತಿಗೆ ಪೊಟ್ಟಣವೊಂದನ್ನು ಬೈಕಿನಲ್ಲಿ ಇಟ್ಟುಕೊಂಡು ಹೋದ ಹುಡುಗನ ಯೌವನ ಅಲ್ಲಿಗೆ ಮುಗಿಯಿತು. ಆದರೆ ಅದೇ 1985ರ ಕಾಯ್ದೆ, ಅಲ್ಪ ಪ್ರಮಾಣವನ್ನು ಸೇವಿಸುವ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ವಿನಾಯಿತಿ ಪಡೆಯುವ ಅವಕಾಶವನ್ನೂ ಕೊಟ್ಟಿದೆ. ನಮ್ಮದೇ ನಗರದ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. 14446 ಎಂಬ ಸಹಾಯವಾಣಿಯಿದೆ. ಮಾರುವವನ ಮೇಲೆ ದೂರು, ಸೇವಿಸುವವನಿಗೆ ಚಿಕಿತ್ಸೆ, ಇದು ನಮ್ಮ ನಿಯಮವಾಗಲಿ. ಈಗ ನಾವು ಇದರ ವಿರುದ್ಧವನ್ನೇ ಮಾಡುತ್ತಿದ್ದೇವೆ. ಮಾರುವವನಿಗೆ ಹೆದರಿ ಸುಮ್ಮನಿರುತ್ತೇವೆ, ಸೇವಿಸುವವನನ್ನು ಹೊಡೆದು ಮನೆಯಿಂದ ಹೊರಗಟ್ಟುತ್ತೇವೆ.

ಇನ್ನೊಂದು ಹೊಸ ಅಪಾಯ ಬೀದಿಯಲ್ಲಿ ಕಾಣುವುದಿಲ್ಲ, ಮೊಬೈಲಿನಲ್ಲಿರುತ್ತದೆ. 2023ರಲ್ಲಿ ದೇಶದ ಮಹಾನಗರಗಳ ಪೈಕಿ ಅತಿ ಹೆಚ್ಚು ಸೈಬರ್ ಅಪರಾಧಗಳು, 17 ಸಾವಿರಕ್ಕೂ ಮಿಕ್ಕಿ, ದಾಖಲಾದದ್ದು ಬೆಂಗಳೂರಿನಲ್ಲಿ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕಮಿಷನ್ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನು ಅಪರಿಚಿತರಿಗೆ ಬಳಸಲು ಕೊಡುವ ಹುಡುಗರು, ವಂಚನೆಯ ಹಣ ಹರಿದಾಡಿದ ಆ ಖಾತೆಯ ಒಡೆಯರಾಗಿ ಮೊದಲು ಸಿಕ್ಕಿಬೀಳುವವರು ತಾವೇ ಎಂಬುದನ್ನು ತಿಳಿದಿರಬೇಕು.

ಬಡತನವಿರುವಲ್ಲಿ ಅಪರಾಧ ಇದ್ದೇ ಇರುತ್ತದೆ, ನಾವೇನು ಮಾಡಲು ಸಾಧ್ಯ ಎಂದು ಕೆಲವರು ಕೇಳುತ್ತಾರೆ. ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು ಅಮೆರಿಕದ ಶಿಕಾಗೋ ನಗರದ 343 ನೆರೆಹೊರೆಗಳ ಎಂಟು ಸಾವಿರಕ್ಕೂ ಹೆಚ್ಚು ನಿವಾಸಿಗಳನ್ನು ಮಾತನಾಡಿಸಿದ ಅಧ್ಯಯನವನ್ನು 1997ರಲ್ಲಿ ಪ್ರಕಟಿಸಿದರು. ಮಕ್ಕಳು ಶಾಲೆ ತಪ್ಪಿಸಿ ಬೀದಿ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ನೆರೆಯವರು ವಿಚಾರಿಸುತ್ತಾರೆಯೇ ಎಂಬುದು ಅವರ ಪ್ರಶ್ನೆಗಳಲ್ಲೊಂದು. ಪರಸ್ಪರ ನಂಬಿಕೆಯುಳ್ಳ, ಹಾಗೆ ವಿಚಾರಿಸುವ ನೆರೆಹೊರೆಗಳಲ್ಲಿ, ಬಡತನವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಹಿಂಸೆ ಕಡಿಮೆಯಿತ್ತು. 2016ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಬಡವರು ವಾಸಿಸುವ ಸರಕಾರಿ ವಸತಿ ಸಮುಚ್ಚಯಗಳ ಪೈಕಿ ಚೀಟಿ ಎತ್ತಿ ಆರಿಸಿದ ಕೆಲವೆಡೆ ಪ್ರಖರ ದೀಪಗಳನ್ನು ಹಾಕಿದಾಗ, ರಾತ್ರಿ ಹೊರಾಂಗಣದಲ್ಲಿ ನಡೆಯುವ ಗಂಭೀರ ಅಪರಾಧಗಳು ಮೂರನೇ ಒಂದರಷ್ಟು ಇಳಿದವು. ದೂರದ ನಗರಗಳ ಈ ಅನುಭವ ನಮಗೂ ಅನ್ವಯಿಸುತ್ತದೆ. ಬೆಳಕು ಮತ್ತು ನೆರೆಯವರ ಕಣ್ಣು, ಎರಡೂ ಇರುವ ಬೀದಿಯಲ್ಲಿ ಕಳ್ಳನ ಕಾಲು ತಡವರಿಸುತ್ತದೆ.

ಆದ್ದರಿಂದ ಇಂದು ನಾವು ನಾಲ್ಕು ನಿರ್ಧಾರಗಳನ್ನು ಮಾಡಿ ಎದ್ದೇಳೋಣ.

ಒಂದು, ನಮ್ಮ ಮೊಹಲ್ಲಾದಲ್ಲಿ ಕೆಟ್ಟಿರುವ ಬೀದಿದೀಪಗಳನ್ನು ಕಂಬದ ಸಂಖ್ಯೆಯೊಂದಿಗೆ ಪಟ್ಟಿ ಮಾಡಿ ಪಾಲಿಕೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯುವುದು.

ಎರಡು, ನಮ್ಮ ಬೀಟ್ ಪೊಲೀಸರ ಪರಿಚಯ ಮಾಡಿಕೊಳ್ಳುವುದು. ಕರ್ನಾಟಕದಲ್ಲಿ 2017ರಲ್ಲಿ ಹೊಸ ಬೀಟ್ ವ್ಯವಸ್ಥೆ ಬಂತು, 2025ರಲ್ಲಿ "ಮನೆ ಮನೆಗೆ ಪೊಲೀಸ್" ಯೋಜನೆ ಆರಂಭವಾಯಿತು. ಸಿಬ್ಬಂದಿ ಮನೆಗೆ ಬಂದಾಗ ಬಾಗಿಲು ಮುಚ್ಚಿಕೊಳ್ಳುವ ಬದಲು ಕುಳ್ಳಿರಿಸಿ ಮಾತನಾಡಿಸೋಣ. ನಮ್ಮ ಮುಖಗಳನ್ನು ಹಗಲಿನಲ್ಲಿ ಬಲ್ಲ ಪೊಲೀಸನು ರಾತ್ರಿ ನಮ್ಮ ಒಂಬತ್ತು ನಿರಪರಾಧಿ ಹುಡುಗರನ್ನು ಎತ್ತಿಕೊಂಡು ಹೋಗುವ ಸಂಭವ ಕಡಿಮೆ. ಅಕಸ್ಮಾತ್ ಹೋದರೆ ಯಾರನ್ನು ಕೇಳಬೇಕೆಂಬುದು ನಮಗೆ ತಿಳಿದಿರುತ್ತದೆ.

ಮೂರು, ಯಾರೇ ದೂರು ಕೊಡಲು ಹೊರಟರೂ, ಮುಖ್ಯವಾಗಿ ಮಹಿಳೆಯರು, ಅವರೊಂದಿಗೆ ಇಬ್ಬರು ಹೋಗುವುದು. ಅದಕ್ಕಾಗಿ ಮಹಿಳೆಯರೂ ಒಬ್ಬ ವಕೀಲರೂ ಇರುವ ಏಳು ಮಂದಿಯ ಸಣ್ಣ ತಂಡವನ್ನು ಇಲ್ಲಿಯೇ ಆರಿಸೋಣ. ಒಬ್ಬಂಟಿ ತಾಯಿಯನ್ನು ಠಾಣೆಯಲ್ಲಿ ಗದರಿಸಿದಂತೆ ಮೂವರನ್ನು ಗದರಿಸಲಾಗದು.

ನಾಲ್ಕು, ಶಿಕ್ಷೆ ಅನುಭವಿಸಿ ಅಥವಾ ಚಿಕಿತ್ಸೆ ಪಡೆದು ಮರಳಿದ ಹುಡುಗನಿಗೆ ಕೆಲಸ ಕೊಡುವುದು. ದೂರು ಕೊಡುವುದು ಅವನನ್ನು ಕಳೆದುಕೊಳ್ಳಲಿಕ್ಕಲ್ಲ. ನಮ್ಮಲ್ಲಿ ಗ್ಯಾರೇಜು, ಅಂಗಡಿ, ಬೇಕರಿಗಳ ಒಡೆಯರಿದ್ದಾರೆ. ವರ್ಷಕ್ಕೆ ಒಬ್ಬನನ್ನು ಒಬ್ಬರು ಎತ್ತಿ ನಿಲ್ಲಿಸಿದರೂ ಸಾಕು.

ಹೀಗೆ ಮಾಡಿದರೆ ಮೊದಲ ವರ್ಷ ನಮ್ಮ ಠಾಣೆಯ ಪುಸ್ತಕದಲ್ಲಿ ಪ್ರಕರಣಗಳ ಸಂಖ್ಯೆ ಏರಬಹುದು. ಯಾರಾದರೂ ಅದನ್ನು ತೋರಿಸಿ, "ನೋಡಿ, ಮುಸ್ಲಿಮರ ಪ್ರದೇಶದಲ್ಲಿ ಅಪರಾಧ ಹೆಚ್ಚಾಯಿತು" ಎನ್ನಲೂಬಹುದು. ಅದಕ್ಕೆ ನಾವು ಅಂಜಬಾರದು. ಬೀದಿಯ ನೆಮ್ಮದಿಯನ್ನು ಅಳೆಯುವುದು ಆ ಪುಸ್ತಕದಿಂದಲ್ಲ, ರಾತ್ರಿ ಒಂಬತ್ತಕ್ಕೆ ಹೆಣ್ಣುಮಗಳೊಬ್ಬಳು ಹಿಂತಿರುಗಿ ನೋಡದೆ ನಡೆದು ಮನೆ ಸೇರಬಲ್ಲಳೇ ಎಂಬುದರಿಂದ.

ಕೊನೆಯದಾಗಿ ಒಂದು ಮಾತು. ಹನ್ನೊಂದು ಹುಡುಗರನ್ನು ಕರೆದೊಯ್ದ ಮರುದಿನ ಆ ವಿಧವೆ ತಾಯಿ ನಮ್ಮ ಬಳಿಗೆ ಬಂದರು. ನಾವು ಕೂಡಿಸಿ ಕೊಟ್ಟ ಹಣದಲ್ಲಿ ಉಳಿದದ್ದನ್ನು ಮುಂದಿಟ್ಟು ಕೇಳಿದರು: "ಅಂದು ನೀವು ನನ್ನನ್ನು ತಡೆಯದಿದ್ದರೆ, ಆ ಹುಡುಗಿಯ ಕಾಲು ಮುರಿಯುತ್ತಿರಲಿಲ್ಲ ಅಲ್ಲವೇ?" ನಮ್ಮಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಕೆಟ್ಟ ದೀಪಗಳ ಪಟ್ಟಿಯನ್ನೂ ಕೊಡದೆ ಉಳಿದಿರುವ ದೂರುಗಳನ್ನೂ ಹಿಡಿದು ನಾವು ಇಲ್ಲಿಂದ ಹೊರಡುತ್ತೇವೆ. ಆ ತಾಯಿ ಮುಂದೆ ನಡೆಯಲು ಒಪ್ಪಿದ್ದಾರೆ. ಅವರ ಹಿಂದೆ ಎಷ್ಟು ಮಂದಿ ಇರುತ್ತೀರಿ ಎಂಬುದನ್ನು ನೀವೇ ನಿರ್ಧರಿಸಬೇಕು.